ಫ್ಲ್ಯಾಶಿಗೆ ಯಾವ ಸೆಲ್?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಮದುವೆಗಳ ಭರಾಟೆ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲೂ ಇರುತ್ತದೆ. ಅದಕ್ಕೇ ಇಲ್ಲಿನ ಫೋಟೋಗ್ರಾಫರುಗಳು ಫ್ಲ್ಯಾಶಿಗೆ ರೀಚಾರ್ಜಬಲ್ ಸೆಲ್ ಕೊಳ್ಳುವಾಗ 2700, 2800 ಎಂಎಎಚ್ ಎಂಬ ದೊಡ್ಡ ಅಂಕಿಗೆ ಮರುಳಾಗಬಾರದು ಎನ್ನುತ್ತೇನೆ. ಅಂಥ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಲ್ಲಿ ಹಲವು ಸುಮ್ಮನಿಟ್ಟರೂ ಚಾರ್ಜ್ ಕಳೆದುಕೊಳ್ಳುತ್ತವೆ, ಸೆಕೆಯಲ್ಲಂತೂ ಇನ್ನೂ ಬೇಗ. 2005ರಲ್ಲಿ ಸ್ಯಾನ್ಯೊ ತಂದ ಎನೆಲೂಪ್ ಬಗೆಯ, 2000 ಎಂಎಎಚ್ ಆಸುಪಾಸಿನ ಸೆಲ್‌ಗಳು ತಿಂಗಳುಗಟ್ಟಲೆ ಬಹುಪಾಲು ಚಾರ್ಜ್ ಉಳಿಸಿಕೊಳ್ಳುತ್ತವೆ. ಈ ಸೆಲ್‌ಗಳ 1.2 ವೋಲ್ಟ್ ಸಾಲದು, 1.5 ವೋಲ್ಟಿನ ಅಲ್ಕಲೈನೇ ಮೇಲು ಎನ್ನುವವರಿದ್ದಾರೆ. ಆದರೆ ಫ್ಲ್ಯಾಶ್ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ. ಆಗ ಒಳರೋಧ ಹೆಚ್ಚಿರುವ ಅಲ್ಕಲೈನಿನ ವೋಲ್ಟೇಜೇ ಕುಸಿದು, ಅಕ್ಕಿಕಾಳು ಬೀಳುವ ಹೊತ್ತಿಗೆ ಫ್ಲ್ಯಾಶ್ ಸಿದ್ಧವಿರುವುದಿಲ್ಲ. ಫ್ಲ್ಯಾಶಿನ ನಾಲ್ಕೂ ಸೆಲ್ ಒಂದೇ ಕಂಪನಿಯವು, ಒಂದೇ ವಯಸ್ಸಿನವು ಆಗಿರಲಿ. ಒಂದು ಸೊರಗಿದರೆ ಉಳಿದ ಮೂರರ ಶಕ್ತಿಯೂ ವ್ಯರ್ಥ.