ಮೂಲೆ ಸುದ್ದಿ, ಎಮು ಯುದ್ಧ, ನಮ್ಮೂರ ಮಂಗ

ಅಡಿಕೆ ಕೊಯ್ಲು ಮುಗೀತು, ಸುಲಿಯೋದೂ ಹೆಚ್ಚುಕಡಿಮೆ ಮುಗೀತಾ ಬಂತು. ಹಾಗಾಗಿ ಈ ಸಲ ಗೊಬ್ಬರ, ಔಷಧಿ, ರೇಟು ಬಿಟ್ಟು ಬೇರೆ ವಿಷಯ ಬರೀತೀನಿ. ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

ಪೇಪರ್ ಕೈಗೆ ಬಂದ್ರೆ ನಾನು ಮೊದಲು ನೋಡೋದು ಮೂಲೆಯಲ್ಲಿ ಬಾಕ್ಸ್ ಕಟ್ಟಿ ಹಾಕಿರೋ ಚಿಕ್ಕ ಸುದ್ದಿ. ರಾಜಕೀಯ ಆಮೇಲೆ. ‘ಹೀಗೂ ಉಂಟೇ’ ಅನ್ನೋ ತರದ್ದು ಇರ್ತದಲ್ಲ, ಅದು. ಬಹಳ ಚೆನ್ನಾಗಿ ಕಂಡಿದ್ದನ್ನು ಆಳಿನ ಲೆಕ್ಕ ಬರೆಯೋ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡು ಸಾಲು ಬರೆದಿಡ್ತೀನಿ. ಈಗ ಮೊಬೈಲಲ್ಲಿ ಬರೋದನ್ನೂ ಬರೆದಿಡ್ತೀನಿ. ಮೊನ್ನೆ ಕೂತು ತಿರುವಿ ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಬೆಳೆ ಕಾಯೋ ಸುದ್ದಿಯೇ. ಪೇಟೆಯವರು ಓದಿ ನಕ್ಕು ಮರೆತಿದ್ದು. ನಾವೂ ನಕ್ಕಿದ್ದೇವೆ, ಆದರೆ ನಮಗೆ ಅಷ್ಟಕ್ಕೇ ಮುಗಿಯೋದಿಲ್ಲ.

ಮೊದಲನೇದು ನಮ್ಮ ಸೀಮೆಯದ್ದೇ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕಿದ ನಾಯಿಗೆ ತಲೆಗೂದಲಿಗೆ ಹಚ್ಚೋ ಡೈ ತಗೊಂಡು ಹುಲಿ ಪಟ್ಟೆ ಬರೆದ್ರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನ ತೋಟದಲ್ಲಿ ಓಡಾಡಿಸಿದ್ರು. ದೂರದಿಂದ ನೋಡಿದ ಮಂಗ ಹುಲಿ ಅಂತಲೇ ಓಡಿದ್ವು. ಆ ಫೋಟೋ ದೇಶವಿದೇಶ ಸುತ್ತಿತು. ಫೋಟೋ ನೋಡಿದವರು ನಾಯಿ ಮುದ್ದಾಗಿದೆ ಅಂದ್ರು. ನಾನು ನೋಡಿದ್ದು ಬೇರೆ. ಆ ಮನುಷ್ಯ ಮೊದಲು ಆಟಿಕೆ ಹುಲಿ ಗೊಂಬೆ ತಂದು ಇಟ್ಟಿದ್ರಂತೆ. ಬಿಸಿಲಿಗೆ ಅದರ ಬಣ್ಣ ಹೋಯ್ತು. ಕೂತಲ್ಲೇ ಕೂರೋ ಹುಲಿಗೆ ಮಂಗ ಎಷ್ಟು ದಿನ ಹೆದರ್ತದೆ? ಅದಕ್ಕೇ ಓಡಾಡೋ ಹುಲಿ ಬೇಕಾಯ್ತು. ಅದು ತಮಾಷೆಗೆ ಮಾಡಿದ್ದಲ್ಲ ಮಾರಾಯ್ರೆ, ಒಂದೊಂದೇ ಪ್ರಯೋಗ ಮಾಡ್ತಾ ಬಂದು ನಿಂತ ಜಾಗ ಅದು.

ಎರಡನೇದು 2023ರ ಬೇಸಿಗೆ, ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆ. ಅಲ್ಲಿ ಕಬ್ಬಿಗೆ ಮಂಗನ ಕಾಟ. ಊರವರು ದುಡ್ಡು ಹಾಕಿ 4,000 ರೂಪಾಯಿಗೆ ಕರಡಿ ವೇಷ ತಂದ್ರು. ಒಬ್ಬರು ಅದನ್ನ ಹಾಕ್ಕೊಂಡು ಗದ್ದೆಯಲ್ಲಿ ಕೂರೋದು. ಜೂನ್ ತಿಂಗಳ ಆ ಕಡೆಯ ಸೆಖೆಯಲ್ಲಿ, ಮೈತುಂಬ ಕೂದಲಿರೋ ವೇಷದೊಳಗೆ ಕೂರೋದು ಅಂದ್ರೆ ಯೋಚನೆ ಮಾಡಿ. ಇದನ್ನ ನಮ್ಮನೆಯವಳಿಗೆ ಓದಿ ಹೇಳಿದೆ. ‘ನಿಮಗೆ ನಾಲ್ಕು ಸಾವಿರ ಉಳೀತು ಬಿಡಿ, ಹದಿನೈದು ದಿನ ಗಡ್ಡ ಬಿಟ್ಟು ಹೋಗಿ ನಿಂತರೆ ಸಾಕು’ ಅಂದಳು.

ಮೂರನೇದು 2018, ಆಂಧ್ರದ ನೆಲ್ಲೂರು ಜಿಲ್ಲೆ. ಒಬ್ಬ ರೈತ ಹತ್ತು ಎಕರೆ ಹೂಕೋಸು, ಎಲೆಕೋಸು ಹಾಕಿದ್ದ. ಬೆಳೆ ಚೆನ್ನಾಗಿ ಬಂತು. ರಸ್ತೆಯಲ್ಲಿ ಹೋಗೋರೆಲ್ಲ ನೋಡೋಕೆ ಶುರು ಮಾಡಿದ್ರು, ದೃಷ್ಟಿ ಆಗ್ತದೆ ಅಂತ ಅವನಿಗೆ ಚಿಂತೆ. ಸನ್ನಿ ಲಿಯೋನ್ ಅವರ ದೊಡ್ಡ ಪೋಸ್ಟರ್ ತಂದು ಹೊಲದಲ್ಲಿ ನಿಲ್ಲಿಸಿದ. ಜನರ ಕಣ್ಣು ಬೆಳೆ ಬಿಟ್ಟು ಪೋಸ್ಟರ್ ಮೇಲೆ ಹೋಯ್ತು. ನಮ್ಮ ಬೆರ್ಚಪ್ಪನೂ ಅರ್ಧ ಹಕ್ಕಿಗೆ, ಅರ್ಧ ಮನುಷ್ಯರ ಕಣ್ಣಿಗೇ ಅಲ್ವಾ? ಮಡಕೆಗೆ ಸುಣ್ಣದ ಬೊಟ್ಟು ಇಟ್ಟು ಕೋಲಿಗೆ ಸಿಕ್ಕಿಸೋದು ಹಕ್ಕಿ ನೋಡಲಿ ಅಂತ ಮಾತ್ರ ಅಲ್ಲ. ಅವನು ಆ ಮಡಕೆಯನ್ನ ಹೊಸ ಕಾಲಕ್ಕೆ ತಂದ, ಅಷ್ಟೇ.

ಇವೆಲ್ಲಕ್ಕಿಂತ ದೊಡ್ಡದು ಆಸ್ಟ್ರೇಲಿಯಾದ್ದು. 1932ನೇ ಇಸವಿ. ಮೊದಲನೇ ಮಹಾಯುದ್ಧದಿಂದ ಬಂದ ಸೈನಿಕರಿಗೆ ಅಲ್ಲಿಯ ಸರ್ಕಾರ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಮೀನು ಕೊಟ್ಟು ಗೋಧಿ ಬೆಳೀರಿ ಅಂತ ಕೂರಿಸಿತ್ತು. ಗೋಧಿ ರೇಟು ಬಿತ್ತು. ಕೊಡ್ತೀವಿ ಅಂದ ಸಬ್ಸಿಡಿ ಬರಲಿಲ್ಲ. ಅದರ ಮೇಲೆ 20,000 ಎಮು ಹಕ್ಕಿ ಕ್ಯಾಂಪಿಯನ್ ಅನ್ನೋ ಕಡೆ ಗದ್ದೆಗಳಿಗೆ ನುಗ್ಗಿದ್ವು. ಎಮು ಅಂದ್ರೆ ಆಳೆತ್ತರದ ಹಕ್ಕಿ. ತಿಂದಿದ್ದು ಒಂದು ಪಾಲಾದ್ರೆ ತುಳಿದಿದ್ದು ಇನ್ನೊಂದು ಪಾಲು. ಸಾಲದ್ದಕ್ಕೆ ಬೇಲಿ ಕಿತ್ತು ಹಾಕಿದ ಜಾಗದಲ್ಲಿ ಮೊಲಗಳೂ ಬಂದ್ವು. ಹಳೇ ಸೈನಿಕರಲ್ವಾ, ನೇರ ರಕ್ಷಣಾ ಮಂತ್ರಿ ಹತ್ತಿರ ಹೋಗಿ ಮೆಷಿನ್ ಗನ್ ಕೇಳಿದ್ರು. ಅವರೂ ಕೊಟ್ರು. ಒಬ್ಬ ಮೇಜರ್, ಎರಡು ಲೂಯಿಸ್ ಗನ್, 10,000 ಗುಂಡು.

ನವೆಂಬರ್ 2ಕ್ಕೆ ಶುರು ಆಯ್ತು. ಗುಂಡಿನ ಶಬ್ದ ಕೇಳಿದ ತಕ್ಷಣ ಎಮುಗಳು ಸಣ್ಣ ಸಣ್ಣ ಗುಂಪಾಗಿ ದಿಕ್ಕಿಗೊಂದು ಓಡಿದ್ವು. ಒಂದು ಕಡೆ ನೀರಿನ ಹತ್ತಿರ ಸಾವಿರ ಹಕ್ಕಿ ಒಟ್ಟಿಗೆ ಸಿಕ್ಕಿದ್ವು, ಅಷ್ಟರಲ್ಲಿ ಗನ್ ಜಾಮ್ ಆಯ್ತು. ಲಾರಿ ಮೇಲೆ ಗನ್ ಇಟ್ಟು ಅಟ್ಟಿಸಿಕೊಂಡು ಹೋದ್ರು, ಗುಂಡಿ ಬಿದ್ದ ನೆಲದ ಮೇಲೆ ಗುರಿ ಹಿಡಿಯೋಕೇ ಆಗಲಿಲ್ಲ. ನಡುವೆ ನಿಲ್ಲಿಸಿದ್ರು, ಮತ್ತೆ ಶುರು ಮಾಡಿದ್ರು, ಡಿಸೆಂಬರಲ್ಲಿ ವಾಪಸ್ ಕರೆಸಿಕೊಂಡ್ರು. ಮೇಜರ್ ಕೊಟ್ಟ ಲೆಕ್ಕ ಹೀಗೆ: ಗುಂಡು 9,860, ಸತ್ತ ಹಕ್ಕಿ 986. ಒಂದಕ್ಕೆ ಸರಿಯಾಗಿ ಹತ್ತು ಗುಂಡು. ಆಳಿನ ಲೆಕ್ಕ ಇಟ್ಟು ಅಭ್ಯಾಸ ಇರೋ ನನಗೆ ಇಷ್ಟು ನೇರ ಕೂತ ಲೆಕ್ಕ ಕಂಡರೆ ಸ್ವಲ್ಪ ಅನುಮಾನ ಬರ್ತದೆ, ಇರಲಿ.

ಜಗತ್ತು ಇದನ್ನ ‘ಎಮು ಯುದ್ಧ’ ಅಂತ ಹೆಸರಿಟ್ಟು ಇವತ್ತಿಗೂ ನಗ್ತದೆ. ಸೈನ್ಯ ಹಕ್ಕಿಗೆ ಸೋತಿತು ಅಂತ. ಸೈನ್ಯ ಗಾಡಿ ಹತ್ತಿ ಹೋಯ್ತು, ಸೋತಿದ್ದು ಗೋಧಿ ಹಾಕಿದವರು. ಆಮೇಲೂ ಎರಡು ಮೂರು ಸಲ ಸೈನ್ಯ ಕಳಿಸಿ ಅಂತ ಕೇಳಿಕೊಂಡ್ರು, ಕಳಿಸಲಿಲ್ಲ. ಕೊನೆಗೆ ನಡೆದದ್ದು ಹೊಡೆದವರಿಗೆ ತಲೆಗಿಷ್ಟು ಅಂತ ಇನಾಮು ಮತ್ತು ಉದ್ದಕ್ಕೆ ಹಾಕಿದ ಗಟ್ಟಿ ಬೇಲಿ.

ಅದೇ ಎಮು ಮುಂದೆ ನಮ್ಮ ದೇಶಕ್ಕೂ ಬಂತು. ಅದರ ಎಣ್ಣೆ, ಮಾಂಸ, ಚರ್ಮ ಎಲ್ಲಕ್ಕೂ ರೇಟಿದೆ, ಮರಿ ತಗೊಂಡು ಸಾಕಿದ್ರೆ ತಿಂಗಳಿಗೆ ಇಷ್ಟು ಕೊಡ್ತೀವಿ ಅಂತ ತಮಿಳುನಾಡಿನ ಈರೋಡು ಕಡೆ ಕಂಪನಿಗಳು ದುಡ್ಡು ಎತ್ತಿದ್ವು. 2012ರಲ್ಲಿ ಮುಳುಗಿತು. ಸಾಕೋಕೆ ಆಗದೆ ಹಕ್ಕಿಗೆ ಮೇವಿಲ್ಲ, ದುಡ್ಡು ಹಾಕಿದವರಿಗೆ ದುಡ್ಡಿಲ್ಲ. ಒಂದು ದೇಶದಲ್ಲಿ ಓಡಿಸೋಕೆ ಆಗದೆ ರೈತ ಸೋತ, ಇನ್ನೊಂದು ದೇಶದಲ್ಲಿ ಸಾಕೋಕೆ ಹೋಗಿ ಸೋತ. ಹಕ್ಕಿ ಮಾತ್ರ ಅದೇ.

ಇನ್ನು ನಮ್ಮೂರಿಗೆ ಬರೋಣ.

ಮಂಗನ ಕಾಟ ಎಷ್ಟು ಅಂತ ನಿಮಗೆ ನಾನು ಹೇಳಬೇಕಿಲ್ಲ. ಎಳೆ ಅಡಿಕೆ ಕಿತ್ತು ಚೀಪಿ ಬಿಸಾಡ್ತಾವೆ. ಸೀಯಾಳ ಉಳಿಯೋದಿಲ್ಲ. ಏಲಕ್ಕಿ ಬಾಳೆ ಹಾಕೋದು ನಮ್ಮಲ್ಲಿ ಎಷ್ಟೋ ಮನೆಯವರು ಬಿಟ್ರು. ಹಲಸಿನ ಗುಜ್ಜೆ ಮುಷ್ಟಿ ಗಾತ್ರ ಆಗೋ ಮೊದಲೇ ನೆಲದ ಮೇಲೆ. ತೋಟದ ಮನೆಯವರು ದೇವರ ನೈವೇದ್ಯಕ್ಕೆ ಪೇಟೆಯಿಂದ ಬಾಳೆಹಣ್ಣು ಕೊಂಡು ತರ್ತೀವಿ. ಇದನ್ನ ಯಾವ ಪೇಪರೂ ವಿಚಿತ್ರ ಸುದ್ದಿ ಅಂತ ಬಾಕ್ಸ್ ಕಟ್ಟಿ ಹಾಕೋದಿಲ್ಲ. ನನಗೆ ನೋಡಿದ್ರೆ ನಾಯಿಗೆ ಪಟ್ಟೆ ಬರೆದದ್ದಕ್ಕಿಂತ ಇದೇ ವಿಚಿತ್ರ.

ಓಡಿಸೋಕೆ ಏನೆಲ್ಲ ಮಾಡ್ತೀವೋ ಅದರಲ್ಲೂ ಒಂದು ಮಾತು ಹೇಳಲೇಬೇಕು. ಪೈಪ್ ಗನ್. ಕಾರ್ಬೈಡ್ ಹಾಕಿ ಢಂ ಅನ್ನಿಸೋದು. 2025ರ ದೀಪಾವಳಿಗೆ ಮಧ್ಯಪ್ರದೇಶದ ಭೋಪಾಲ್ ಕಡೆ ಮಕ್ಕಳು ಅದನ್ನ ಪಟಾಕಿ ಮಾಡ್ಕೊಂಡ್ರು. ನೂರಕ್ಕೂ ಮೇಲೆ ಮಂದಿ ಕಣ್ಣಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ರು, ಕೆಲವು ಮಕ್ಕಳ ದೃಷ್ಟಿಯೇ ಹೋಯ್ತು. ಕಾರ್ಬೈಡಿಗೆ ನೀರು ತಾಗಿದ್ರೆ ಅಸಿಟಿಲೀನ್ ಗ್ಯಾಸ್ ಬರ್ತದೆ, ವೆಲ್ಡಿಂಗ್ ಅಂಗಡಿಯಲ್ಲಿ ಉರಿಸ್ತಾರಲ್ಲ, ಅದೇ ಗ್ಯಾಸ್. ಹೊಡೀಲಿಲ್ಲ ಅಂತ ಪೈಪಿನ ಬಾಯಲ್ಲಿ ಬಗ್ಗಿ ನೋಡ್ತಾರೆ, ಆಗ ಹೊಡೀತದೆ. ಆ ಪೈಪ್ ನಮ್ಮ ಕಡೆ ಎಷ್ಟೋ ಕೊಟ್ಟಿಗೆಯಲ್ಲಿ ನೇತಾಡ್ತಾ ಇದೆ. ರಜೆಗೆ ಮೊಮ್ಮಕ್ಕಳು ಬರ್ತಾರೆ. ದಯವಿಟ್ಟು ಕೈಗೆ ಸಿಗದ ಹಾಗೆ ಇಡಿ, ಅಥವಾ ಆ ಸಾಮಾನೇ ಬೇಡ ಅಂತ ಮಾಡಿ. ಅಡಿಕೆ ಮುಂದಿನ ವರ್ಷ ಬರ್ತದೆ, ಹೋದ ಕಣ್ಣು ಬರೋದಿಲ್ಲ.

ಎರಡನೇ ಮಾತು ಸ್ವಲ್ಪ ಕಷ್ಟದ್ದು. ನಾಯಿಗೆ ಪಟ್ಟೆ ಬರೀರಿ, ಕರಡಿ ವೇಷ ಹಾಕಿ, ಗರ್ನಾಲು ಹೊಡೀರಿ, ಮಂಗ ಎಲ್ಲಿಗೆ ಹೋಗ್ತದೆ? ಪಕ್ಕದವರ ತೋಟಕ್ಕೆ. ಅಲ್ಲಿಯವರು ಪಟಾಕಿ ಹೊಡೆದ್ರೆ ಮಧ್ಯಾಹ್ನದೊಳಗೆ ನಮ್ಮಲ್ಲಿಗೆ ವಾಪಸ್. ನಮ್ಮದೇ ಕೇರಿಯಲ್ಲಿ ಇದೇ ವಿಷಯಕ್ಕೆ ಎರಡು ಮನೆ ಮಾತು ಬಿಟ್ಟು ಎರಡು ವರ್ಷ ಆಯ್ತು. ‘ಬೇಕು ಅಂತಲೇ ನಮ್ಮ ಕಡೆ ಅಟ್ಟಿದ್ರು’ ಅಂತ ಇವರು, ‘ನಿಮ್ಮ ಕಡೆಯಿಂದಲೇ ಬಂದದ್ದು’ ಅಂತ ಅವರು. ಅಪ್ಪಂದಿರ ಕಾಲದಿಂದ ಮುಯ್ಯಾಳು ಮಾಡ್ಕೊಂಡು ನಾಟಿ ಮುಗಿಸ್ತಿದ್ದ ಮನೆಗಳು. ಈಗ ಒಬ್ಬರ ಮನೆ ಕಾರ್ಯಕ್ಕೆ ಇನ್ನೊಬ್ಬರು ಬರೋದಿಲ್ಲ. ಮಂಗ ಅಡಿಕೆ ತಿಂದ ನಷ್ಟ ಒಂದು ವರ್ಷದ್ದು, ಈ ನಷ್ಟ ಲೆಕ್ಕಕ್ಕೇ ಸಿಗೋದಿಲ್ಲ.

ಹಿಡಿದು ಬೇರೆ ಕಡೆ ಬಿಡೋದಕ್ಕೂ ಇದೇ ಕತೆ. ಶರಾವತಿ ಹಿನ್ನೀರಿನ ಕಡೆ ಮಂಕಿ ಪಾರ್ಕ್ ಮಾಡೋ ಮಾತು ಬಂದಾಗ ಆ ಭಾಗದವರು ಬೇಡವೇ ಬೇಡ ಅಂದ್ರು. ಅವರು ಹೇಳಿದ್ದು ತಪ್ಪಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನ ಬಿಟ್ಟಿಲ್ಲ. ಸಾಗರದ ಅರಲಗೋಡು ಕಡೆ 2019ರಲ್ಲಿ ಆದದ್ದನ್ನ ಯಾರೂ ಮರೆತಿಲ್ಲ. ಉಣುಗು ಹೊತ್ತ ಮಂಗ ತಂದು ನಮ್ಮೂರಲ್ಲಿ ಬಿಡಿ ಅಂತ ಯಾರು ಹೇಳ್ತಾರೆ? ಶ್ರೀಲಂಕಾದವರು 2023ರಲ್ಲಿ ಒಂದು ಲಕ್ಷ ಮಂಗ ಚೀನಾಕ್ಕೆ ಕಳಿಸೋ ಆಲೋಚನೆ ಮಾಡಿದ್ರು, ಗಲಾಟೆ ಆಗಿ ಅದೂ ನಿಂತಿತು.

ಅದೇ ಶ್ರೀಲಂಕಾದವರ ಇನ್ನೊಂದು ಸುದ್ದಿ ನನಗೆ ಬಹಳ ಹಿಡಿಸಿದ್ದು. 2025ರ ಮಾರ್ಚ್ 15, ಶನಿವಾರ. ಬೆಳಿಗ್ಗೆ 8ರಿಂದ 8.05. ಬರೀ ಐದು ನಿಮಿಷ. ದೇಶದಲ್ಲಿ ಜಮೀನಿರೋರೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತು ಮಂಗ, ಮುಸಿಯ, ನವಿಲು ಇಂಥವು ಎಷ್ಟು ಕಾಣ್ತವೆ ಅಂತ ಎಣಿಸಿ ಫಾರ್ಮಿನಲ್ಲಿ ಬರೆದು ಕೊಡೋದು. ಅಲ್ಲೂ ಜನ ನಕ್ಕರು, ಇದೆಂತ ಹುಚ್ಚು ಅಂತ. ನನಗೆ ಮಾತ್ರ ಅದರಲ್ಲಿ ಬುದ್ಧಿ ಕಾಣ್ತು. ಎಲ್ಲರೂ ಒಂದೇ ಹೊತ್ತಿಗೆ ಎಣಿಸಿದ್ರೆ ಒಂದೇ ಹಿಂಡು ಎರಡು ತೋಟದಲ್ಲಿ ಲೆಕ್ಕಕ್ಕೆ ಬರೋದಿಲ್ಲ. ನಾವು ನೂರು ಮಂಗ, ಇನ್ನೂರು ಮಂಗ ಅಂತ ಹೇಳ್ತೀವಲ್ಲ, ಅದು ನಿಜಕ್ಕೂ ನೂರೋ, ಅಥವಾ ನಲವತ್ತೇ ಇದ್ದು ಐದು ತೋಟ ಸುತ್ತಿದ್ದೋ? ನಮ್ಮ ಕೇರಿಯಲ್ಲಿ ಯಾರ ಹತ್ತಿರವೂ ಇದಕ್ಕೆ ಉತ್ತರ ಇಲ್ಲ. ಆಫೀಸಿಗೆ ಅರ್ಜಿ ಕೊಡೋಕೆ ಹೋದ್ರೂ ‘ಬಹಳ ಕಾಟ ಸಾರ್’ ಅನ್ನೋದು ಬಿಟ್ಟು ಒಂದು ಅಂಕಿ ಇಲ್ಲ.

ಹಾಗಾಗಿ ನಾವೂ ಮಾಡೋಣ ಅಂತ ನನ್ನ ಆಸೆ. ದೇಶ ಬೇಡ, ಪಂಚಾಯ್ತಿಯೂ ಬೇಡ, ನಮ್ಮ ಹಳ್ಳದ ಎರಡೂ ದಂಡೆಯ ತೋಟಗಳು ಸಾಕು. ಬರೋ ಭಾನುವಾರದಿಂದ ಮೂರು ಭಾನುವಾರ. ಬೆಳಿಗ್ಗೆ 8ರಿಂದ 8.05. ಅವತ್ತು ಆ ಹೊತ್ತಿಗೆ ಯಾರೂ ಪಟಾಕಿ ಹೊಡೀಬೇಡಿ, ನಾಯಿ ಕಟ್ಟಿಡಿ. ಮೂರೇ ವಿಷಯ ಬರ್ಕೊಳ್ಳಿ: ಎಷ್ಟು ಇದ್ವು, ಕೆಂಪು ಮಂಗವೋ ಮುಸಿಯವೋ, ಯಾವ ಕಡೆಯಿಂದ ಬಂದು ಯಾವ ಕಡೆ ಹೋದ್ವು. ಒಂದೂ ಕಾಣದಿದ್ರೆ ಸೊನ್ನೆ ಅಂತಲೇ ಬರೀರಿ, ಅದೂ ಲೆಕ್ಕವೇ. ನನ್ನ ವಾಟ್ಸಾಪಿಗೆ ಕಳಿಸಿ, ಮೊಬೈಲ್ ರಗಳೆ ಬೇಡ ಅನ್ನೋರು ಡೇರಿಗೆ ಹಾಲು ಹಾಕೋವಾಗ ಹೇಳಿದ್ರೂ ಆಯ್ತು. ನಾನು ಕೂಡಿ ಇಲ್ಲೇ ಹಾಕ್ತೀನಿ.

ಎಣಿಸಿದ್ರೆ ಮಂಗ ಹೋಗ್ತದಾ ಅಂತ ಕೇಳ್ತೀರಿ. ಹೋಗೋದಿಲ್ಲ. ಆದರೆ ದಾರಿ ಗೊತ್ತಾದ್ರೆ ಒಬ್ಬೊಬ್ಬರೇ ಪಕ್ಕದ ತೋಟಕ್ಕೆ ಅಟ್ಟೋ ಬದಲು ಪಾಳಿ ಮಾಡ್ಕೊಂಡು ಎಲ್ಲರೂ ಸೇರಿ ಗುಡ್ಡದ ಕಡೆಗೇ ಅಟ್ಟಬಹುದು. ಲಖೀಂಪುರದವರು ವೇಷಕ್ಕೆ ದುಡ್ಡು ಒಟ್ಟು ಹಾಕಿದ್ರಲ್ಲ, ಆ ಸುದ್ದಿಯಲ್ಲಿ ನನಗೆ ವೇಷಕ್ಕಿಂತ ಆ ಒಟ್ಟು ಹಾಕಿದ್ದೇ ದೊಡ್ಡದಾಗಿ ಕಂಡದ್ದು. ಇನ್ನು ಗುಡ್ಡಕ್ಕೆ ಅಟ್ಟಿದ್ರೆ ಅಲ್ಲಿ ತಿನ್ನೋಕೆ ಏನಿದೆ? ಅಕೇಶಿಯಾ ಪ್ಲಾಂಟೇಶನ್ನಿನಲ್ಲಿ ಮಂಗ ಎಂತ ತಿನ್ನಬೇಕು? ಮಳೆ ಬಿದ್ದ ಮೇಲೆ ನಮ್ಮ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮನೆಗೆ ನಾಲ್ಕಾದ್ರೂ ನೇರಳೆ, ಅತ್ತಿ, ಹೆಬ್ಬಲಸು ಹಾಕೋಣ. ಹಣ್ಣು ಬಿಡೋಕೆ ವರ್ಷಗಟ್ಟಲೆ ಬೇಕು, ಗೊತ್ತು. ಅಡಿಕೆ ಸಸಿಗೂ ಕಾದಿದ್ದೇವಲ್ಲ.

ಮಾತು ಬಿಟ್ಟ ಆ ಎರಡು ಮನೆಯವರೂ ನಾನು ಬರೆದದ್ದನ್ನ ಓದ್ತಾರೆ ಅಂತ ನನಗೆ ಗೊತ್ತು. ಇಬ್ಬರೂ ಎಣಿಸಬೇಕು. ಒಬ್ಬರ ಲೆಕ್ಕ ಬಿಟ್ಟರೆ ಇನ್ನೊಬ್ಬರದ್ದು ಕೂಡೋದಿಲ್ಲ.

ಭಾನುವಾರ ಎಂಟು ಗಂಟೆ. ಗಡಿಯಾರ ಸರಿ ಇಟ್ಕೊಳ್ಳಿ.