ಹಸಿರು ಬೆಟ್ಟಗಳ ನಾಡು ಕೊಟ್ಟ ಮತ

ಅಮೆರಿಕೆ ಎಂದೊಡನೆ ನಮ್ಮ ಜನರ ಕಣ್ಣೆದುರು ನಿಲ್ಲುವುದು ಮುಗಿಲು ಮುಟ್ಟುವ ಕಟ್ಟಡಗಳು, ಹಗಲಿರುಳೆನ್ನದೆ ಓಡುವ ವಾಹನಗಳು, ಒಬ್ಬರ ಮುಖ ಇನ್ನೊಬ್ಬರು ನೋಡದ ನಗರಗಳು. ಆ ದೇಶದಲ್ಲಿಯೂ ಕೊಟ್ಟಿಗೆಯ ಕೆಲಸದಿಂದಲೇ ಬೆಳಗು ಆರಂಭವಾಗುವ ಊರುಗಳಿವೆ, ಹುಲ್ಲಿನ ಮೆದೆಗಳಿವೆ, ನಾಲ್ಕು ತಲೆಮಾರುಗಳಿಂದ ಒಂದೇ ಹೊಲವನ್ನು ಉಳುತ್ತಿರುವ ಮನೆತನಗಳಿವೆ. ದೇಶದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡಿರುವ ವರ್ಮಾಂಟ್ ಅಂತಹದೊಂದು ರಾಜ್ಯ. ಅದರ ಹೆಸರು ‘ಹಸಿರು ಬೆಟ್ಟ’ ಎಂಬ ಅರ್ಥದ ಫ್ರೆಂಚ್ ಪದಗಳಿಂದ ಬಂದುದು. 2020ರ ಜನಗಣತಿಯಂತೆ ಅಲ್ಲಿನ ಒಟ್ಟು ಜನಸಂಖ್ಯೆ 6,43,077. ಎಲ್ಲಕ್ಕಿಂತ ದೊಡ್ಡ ಊರಾದ ಬರ್ಲಿಂಗ್ಟನ್‌ನಲ್ಲಿ 45 ಸಾವಿರ ಜನರೂ ಇಲ್ಲ. ಹಳ್ಳಿಗಾಡಿನಲ್ಲಿ ವಾಸಿಸುವವರ ಪ್ರಮಾಣ ಐವತ್ತು ರಾಜ್ಯಗಳಲ್ಲಿಯೇ ಇಲ್ಲಿ ಅತ್ಯಧಿಕ.

2025ರ ಮಾರ್ಚ್ ಮೊದಲ ವಾರದಲ್ಲಿ ನಾವು ಅಲ್ಲಿಗೆ ಹೋದೆವು. ಬೆಟ್ಟಗಳ ಚೆಲುವನ್ನು ನೋಡಬೇಕೆಂದಿದ್ದರೆ ಮರಗಳು ಕೆಂಪೇರುವ ಅಕ್ಟೋಬರ್ ತಿಂಗಳೇ ಒಳ್ಳೆಯದೆಂದು ಬಲ್ಲವರು ಹೇಳಿದ್ದರು. ಆದರೆ ನಮ್ಮನ್ನು ಅಲ್ಲಿಗೆ ಸೆಳೆದದ್ದು ಒಂದು ಹಳೆಯ ಚುನಾವಣೆ.

1936ರ ನವೆಂಬರ್ 3ರಂದು ಅಮೆರಿಕೆಯಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. ಡೆಮಾಕ್ರಾಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟರು ಎರಡನೆಯ ಅವಧಿಗೆ ನಿಂತಿದ್ದರು. ಎದುರಾಳಿ ರಿಪಬ್ಲಿಕನ್ ಪಕ್ಷದ ಆಲ್ಫ್ರೆಡ್ ಲ್ಯಾಂಡನ್, ಕ್ಯಾನ್ಸಾಸ್ ರಾಜ್ಯದ ಗವರ್ನರ್. ಅಲ್ಲಿ ಜನರ ಮತಗಳು ನೇರವಾಗಿ ಅಧ್ಯಕ್ಷನನ್ನು ಆರಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ನಿರ್ದಿಷ್ಟ ಸಂಖ್ಯೆಯ ಮತದಾರ ಪ್ರತಿನಿಧಿಗಳಿರುತ್ತಾರೆ. ರಾಜ್ಯದಲ್ಲಿ ಗೆದ್ದವರಿಗೆ ಸಾಮಾನ್ಯವಾಗಿ ಆ ಅಷ್ಟೂ ಪ್ರತಿನಿಧಿ ಮತಗಳು ಸಲ್ಲುತ್ತವೆ. ಅಂದು ದೇಶದಲ್ಲಿದ್ದ 48 ರಾಜ್ಯಗಳಲ್ಲಿ 46 ರೂಸ್‌ವೆಲ್ಟರ ಪಾಲಾದವು. 523 ಪ್ರತಿನಿಧಿ ಮತಗಳು ಅವರಿಗೆ, ಕೇವಲ 8 ಲ್ಯಾಂಡನ್‌ಗೆ. ಪಾಪ, ಲ್ಯಾಂಡನ್ ತಮ್ಮ ಸ್ವಂತ ರಾಜ್ಯವನ್ನೂ ಉಳಿಸಿಕೊಳ್ಳಲಿಲ್ಲ. ಆ ಎಂಟರಲ್ಲಿ ಐದು ಮೇನ್ ರಾಜ್ಯದವು. ಉಳಿದ ಮೂರು ವರ್ಮಾಂಟಿನವು.

ಮೇನ್ ಯಾವ ಕಡೆಗೆ ವಾಲುವುದೋ ದೇಶವೂ ಆ ಕಡೆಗೇ ವಾಲುವುದೆಂದು ಅಲ್ಲೊಂದು ಹಳೆಯ ನಾಣ್ಣುಡಿ ಇತ್ತು. ರೂಸ್‌ವೆಲ್ಟರ ಚುನಾವಣಾ ಸೂತ್ರಧಾರ ಜೇಮ್ಸ್ ಫಾರ್ಲಿ ಫಲಿತಾಂಶದ ಮರುಗಳಿಗೆಯೇ ಅದನ್ನು ತಿದ್ದಿ, ಮೇನ್ ವಾಲಿದ ಕಡೆಗೆ ವಾಲುವುದು ವರ್ಮಾಂಟ್ ಒಂದೇ ಎಂದು ಗೇಲಿ ಮಾಡಿದರು. ದೇಶವೆಲ್ಲ ನಕ್ಕಿತು. ಒಂದು ಬಡ ಗುಡ್ಡಗಾಡಿನ ರಾಜ್ಯ, ಹಾಲಿನ ಬೆಲೆ ಕುಸಿದು ರೈತರು ಕಂಗಾಲಾಗಿದ್ದ ಕಾಲದಲ್ಲಿ, ನೆರವಿನ ಹೊಳೆ ಹರಿಸುತ್ತಿದ್ದ ಅಧ್ಯಕ್ಷನಿಗೆ ಬೇಡವೆಂದದ್ದು ಏಕೆ? ನಮಗೆ ತಿಳಿಯಬೇಕಾಗಿದ್ದುದು ಇಷ್ಟೇ.

ಕನೆಕ್ಟಿಕಟ್ ನದಿಯ ದಂಡೆಗುಂಟ ತೆಂಕಣದಿಂದ ರಾಜ್ಯವನ್ನು ಪ್ರವೇಶಿಸಿದೆವು. ಮೊದಲು ಸಿಗುವುದು ಬ್ರಾಟಲ್‌ಬರೋ. ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1892ರಿಂದ 1896ರವರೆಗೆ ಈ ಊರಿನ ಸಮೀಪದಲ್ಲಿಯೇ ವಾಸವಾಗಿದ್ದು, ನಮ್ಮ ಕಾಡಿನ ಮೋಗ್ಲಿಯ ಕಥೆಗಳನ್ನು ಈ ಹಿಮದ ನಾಡಿನಲ್ಲಿ ಕುಳಿತು ಬರೆದರು; ಮನೆಗೆ ‘ನೌಲಖಾ’ ಎಂದು ಹೆಸರಿಟ್ಟರು. ಇರಲಿ. ದಾರಿಯುದ್ದಕ್ಕೂ ನಮ್ಮ ಗಮನಕ್ಕೆ ಬಂದುದು ಒಂದು ಇಲ್ಲದಿರುವಿಕೆ: ರಸ್ತೆಯ ಬದಿಯಲ್ಲಿ ಎಲ್ಲಿಯೂ ದೊಡ್ಡ ಜಾಹೀರಾತು ಫಲಕಗಳಿಲ್ಲ. 1968ರ ಕಾನೂನೊಂದು ಅವನ್ನು ನಿಷೇಧಿಸಿದೆ. ಬೆಟ್ಟ ನೋಡಲು ಬಂದವರಿಗೆ ಬೆಟ್ಟವೇ ಕಾಣಬೇಕೆಂಬ ಈ ಹಟ ನಮಗೆ ಹಿಡಿಸಿತು.

ಹಿಮ ಕರಗಿ ರಸ್ತೆಗಳು ಕೆಸರಾಗುವ ಈ ದಿನಗಳಲ್ಲಿಯೇ ಮೇಪಲ್ ಮರಗಳಲ್ಲಿ ಸಿಹಿರಸ ಏರುತ್ತದೆ. ಕಾಂಡಕ್ಕೆ ರಂಧ್ರ ಕೊರೆದು ಇಳಿಸಿದ ರಸವನ್ನು ಅಗಲವಾದ ಬಾಣಲೆಗಳಲ್ಲಿ ಕಾಯಿಸುತ್ತಾರೆ. ನಲವತ್ತು ಕೊಡ ರಸ ಬತ್ತಿದರೆ ಒಂದು ಕೊಡ ಪಾಕ. ಹೊಗೆ, ಆವಿ, ಸಿಹಿ ಕಂಪು ತುಂಬಿದ ಆ ಮರದ ಶೆಡ್ಡಿನೊಳಗೆ ನಿಂತಾಗ ನಮ್ಮ ಆಲೆಮನೆಗಳ ನೆನಪಾಗದಿರಲಿಲ್ಲ.

ಈಗ ಇತಿಹಾಸಕ್ಕೆ ಬರೋಣ. ವರ್ಮಾಂಟ್ 1777ರಿಂದ 1791ರವರೆಗೆ ಯಾರ ಅಧೀನವೂ ಅಲ್ಲದ ಸ್ವತಂತ್ರ ಗಣರಾಜ್ಯವಾಗಿತ್ತು. ಬಳಿಕ ಒಕ್ಕೂಟದ ಹದಿನಾಲ್ಕನೆಯ ರಾಜ್ಯವಾಯಿತು. 1777ರಲ್ಲಿ ಅದು ಬರೆದುಕೊಂಡ ಸಂವಿಧಾನ ವಯಸ್ಕರನ್ನು ಗುಲಾಮರಾಗಿ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಆ ಖಂಡದಲ್ಲಿ ಅಂತಹ ಮಾತನ್ನು ಬರೆದ ಮೊದಲ ಸಂವಿಧಾನ ಅದು. 1854ರಲ್ಲಿ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿ ರಿಪಬ್ಲಿಕನ್ ಪಕ್ಷ ಹುಟ್ಟಿಕೊಂಡಾಗ ವರ್ಮಾಂಟ್ ಅದನ್ನು ತನ್ನದೇ ಪಕ್ಷವೆಂದು ಅಪ್ಪಿಕೊಂಡಿತು. 1860ರಲ್ಲಿ ಅಬ್ರಹಾಂ ಲಿಂಕನ್ನರ ಎದುರು ನಿಂತ ಸ್ಟೀಫನ್ ಡಗ್ಲಸ್ ಹುಟ್ಟಿದ್ದು ವರ್ಮಾಂಟಿನ ಬ್ರ್ಯಾಂಡನ್ ಎಂಬ ಊರಿನಲ್ಲಿ. ಆದರೂ ನಾಲ್ಕರಲ್ಲಿ ಮೂರು ಪಾಲು ಮತಗಳು ಲಿಂಕನ್ನರಿಗೇ ಬಿದ್ದವು. ಊರಿನ ಮಗನೆಂಬ ಮಮಕಾರಕ್ಕೆ ಅಲ್ಲಿ ಬೆಲೆ ಸಿಗಲಿಲ್ಲ. ಅನಂತರ ನಡೆದ ಅಂತರ್ಯುದ್ಧಕ್ಕೆ ಈ ಚಿಕ್ಕ ನಾಡಿನಿಂದ ಸುಮಾರು 34 ಸಾವಿರ ಜನ ಹೋದರು. ಐದು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಇಂದಿಗೂ ಹಳ್ಳಿಹಳ್ಳಿಯ ನಡುವಣ ಹುಲ್ಲುಹಾಸಿನಲ್ಲಿ, ಬಿಳಿಯ ಚರ್ಚಿನ ಎದುರು, ಅವರ ಹೆಸರು ಕೊರೆದ ಕಲ್ಲುಗಳು ನಿಂತಿವೆ. ಇಪ್ಪತ್ತು ಮನೆಗಳ ಊರಿನ ಕಲ್ಲಿನಲ್ಲಿ ಒಂದೇ ಅಡ್ಡಹೆಸರು ಮೂರು ಸಲ ಕಂಡಾಗ ನಾವು ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆವು. ಹೀಗೆ ರಕ್ತ ಸುರಿಸಿ ಕಟ್ಟಿಕೊಂಡ ಪಕ್ಷನಿಷ್ಠೆ ಅಷ್ಟು ಬೇಗ ಅಳಿಯುವಂತಹದಲ್ಲ. 1856ರಿಂದ 1960ರವರೆಗೆ ನಡೆದ ಒಂದೊಂದು ಅಧ್ಯಕ್ಷೀಯ ಚುನಾವಣೆಯಲ್ಲಿಯೂ ವರ್ಮಾಂಟ್ ರಿಪಬ್ಲಿಕನ್ ಪಕ್ಷಕ್ಕೇ ಮತ ನೀಡಿತು.

ಒಂಟಿಯಾಗಿ ನಿಲ್ಲುವುದೂ ಅದಕ್ಕೆ ಹೊಸದಾಗಿರಲಿಲ್ಲ. 1832ರಲ್ಲಿ ವಿಲಿಯಂ ವರ್ಟ್ ಎಂಬ ಅಭ್ಯರ್ಥಿಯನ್ನು ಬೆಂಬಲಿಸಿದ ರಾಜ್ಯ ಇಡೀ ದೇಶದಲ್ಲಿ ಇದೊಂದೇ. 1912ರಲ್ಲಿ ಅಧ್ಯಕ್ಷ ಟ್ಯಾಫ್ಟ್ ಮೂರನೆಯ ಸ್ಥಾನಕ್ಕೆ ಕುಸಿದಾಗ ಅವರ ಕೈಹಿಡಿದ ರಾಜ್ಯಗಳು ಎರಡೇ: ಯೂಟಾ ಮತ್ತು ವರ್ಮಾಂಟ್.

ಮುಂದೆ ನಾವು ಹೋದದ್ದು ಪ್ಲಿಮತ್ ನಾಚ್ ಎಂಬ ಕಣಿವೆಯ ಹಳ್ಳಿಗೆ. ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಹುಟ್ಟಿದ್ದು ಇಲ್ಲಿಯೇ. 1923ರ ಆಗಸ್ಟ್ 3ರ ನಡುರಾತ್ರಿ ಕಳೆದ ಮೇಲೆ, ಅಧ್ಯಕ್ಷ ಹಾರ್ಡಿಂಗ್ ತೀರಿಕೊಂಡ ಸುದ್ದಿ ಈ ಮನೆಗೆ ತಲುಪಿತು. ಉಪಾಧ್ಯಕ್ಷರಾಗಿದ್ದ ಕೂಲಿಡ್ಜ್ ತಂದೆಯ ಮನೆಗೆ ಬಂದಿದ್ದರು. ಮನೆಯಲ್ಲಿ ವಿದ್ಯುತ್ತಿರಲಿಲ್ಲ. ನೋಟರಿಯಾಗಿದ್ದ ವೃದ್ಧ ತಂದೆಯೇ ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ ಮಗನಿಗೆ ದೇಶದ ಅಧ್ಯಕ್ಷಪದವಿಯ ಪ್ರಮಾಣವಚನ ಬೋಧಿಸಿದರು. ಹಿಮ ಮುಸುಕಿದ ಆ ಮನೆಯನ್ನು ಹೊರಗಿನಿಂದಲೇ ನೋಡಿದೆವು. ಊರ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲು ನೆರೆಯ ರೈತರ ಕಲ್ಲುಗಳಿಗಿಂತ ಎತ್ತರವಾಗಿಲ್ಲ. ಮಿತವ್ಯಯ, ಮಿತಭಾಷೆ, ಸಾಲದ ಭಯ ಇವು ಆ ಮನೆತನದ ಗುಣಗಳು ಮಾತ್ರವಲ್ಲ, ಆ ನಾಡಿನ ಗುಣಗಳೂ ಹೌದು. ರೂಸ್‌ವೆಲ್ಟರ ಯೋಜನೆಗಳ ವೆಚ್ಚವನ್ನು ಕಂಡು ಅಲ್ಲಿನ ಗೃಹಸ್ಥರು ಬೆಚ್ಚಿದ್ದು ಸಹಜ.

ಆದರೆ ಬರೀ ಹಣದ ಮಾತಲ್ಲ ಎಂಬುದಕ್ಕೆ ಇನ್ನೊಂದು ಪ್ರಸಂಗವಿದೆ. ಹಸಿರು ಬೆಟ್ಟಗಳ ನೆತ್ತಿಯ ಮೇಲೆ ದಕ್ಷಿಣದಿಂದ ಉತ್ತರದವರೆಗೆ ಸುಮಾರು 260 ಮೈಲಿಗಳ ವಿಹಾರ ಹೆದ್ದಾರಿಯೊಂದನ್ನು ನಿರ್ಮಿಸಲು ಕೇಂದ್ರ ಸರ್ಕಾರ ಮುಂದೆ ಬಂದಿತ್ತು. ಒಂದು ಕೋಟಿ ಎಂಬತ್ತು ಲಕ್ಷ ಡಾಲರು ಕೇಂದ್ರದ್ದು; ರಾಜ್ಯ ಕೊಡಬೇಕಾದದ್ದು ಭೂಮಿ ಮಾತ್ರ. ಸಾವಿರಾರು ನಿರುದ್ಯೋಗಿಗಳಿಗೆ ಕೂಲಿ ಸಿಗುತ್ತಿತ್ತು. ವಿಷಯವನ್ನು 1936ರ ಮಾರ್ಚ್ 3ರಂದು ಜನರ ಮತಕ್ಕೇ ಬಿಡಲಾಯಿತು. ಅಂದು ಊರಸಭೆಯ ದಿನ. ಹತ್ತು ಸಾವಿರಕ್ಕೂ ಮಿಕ್ಕ ಅಂತರದಿಂದ ಜನ ಬೇಡವೆಂದರು. ಬೆಟ್ಟದ ನೆತ್ತಿ ಕೆಡುತ್ತದೆ ಎಂದವರು ಕೆಲವರು. ನಮ್ಮ ಬೆಟ್ಟದ ಒಡೆತನ ದೂರದ ವಾಷಿಂಗ್ಟನ್ನಿಗೆ ಹೋಗುತ್ತದೆ ಎಂದವರು ಕೆಲವರು. ನವೆಂಬರಿನ ಫಲಿತಾಂಶಕ್ಕೆ ಮುನ್ನುಡಿ ಎಂಟು ತಿಂಗಳು ಮೊದಲೇ ಬರೆದಾಗಿತ್ತು ಎನ್ನಬಹುದು.

ಊರಸಭೆ ಎಂಬುದನ್ನು ವಾಚಕರಿಗೆ ಸ್ವಲ್ಪ ವಿವರಿಸಬೇಕು. ಮಾರ್ಚ್ ತಿಂಗಳ ಮೊದಲ ಮಂಗಳವಾರ ಪ್ರತಿ ಊರಿನ ಮತದಾರರು ಒಂದೆಡೆ ಸೇರಿ, ವರ್ಷದ ಆಯವ್ಯಯವನ್ನು ತಾವೇ ಚರ್ಚಿಸಿ ಕೈಯೆತ್ತಿ ಒಪ್ಪಿಗೆ ಕೊಡುವ ಪದ್ಧತಿ ಅದು. ಒಂದು ಹಳ್ಳಿಯ ಸಭೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡುವ ಅವಕಾಶ ನಮಗೆ ದೊರೆಯಿತು. ಹಿಮ ಸರಿಸುವ ಲಾರಿ ಹೊಸದು ಬೇಕೇ, ಹಳೆಯದನ್ನೇ ಇನ್ನೊಂದು ವರ್ಷ ಓಡಿಸಬಹುದೇ ಎಂಬ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಪ್ರಶ್ನೆ ಕೇಳಿದವರೆಲ್ಲ ಲೆಕ್ಕದ ಪುಸ್ತಕವನ್ನು ಮನೆಯಲ್ಲಿ ಓದಿಕೊಂಡೇ ಬಂದಿದ್ದರು. ಮಧ್ಯಾಹ್ನ ಮನೆಮನೆಯಿಂದ ತಂದ ಅಡಿಗೆಯನ್ನು ಎಲ್ಲರೂ ಹಂಚಿಕೊಂಡು ಉಂಡರು. ಬೆಳಿಗ್ಗೆ ವಾದಕ್ಕೆ ನಿಂತಿದ್ದ ಇಬ್ಬರು ಒಂದೇ ಮೇಜಿಗೆ ಕುಳಿತಿದ್ದುದನ್ನು ನಾವು ನೋಡಿದೆವು. ತಮ್ಮ ಊರಿನ ಒಂದೊಂದು ಡಾಲರನ್ನೂ ಹೀಗೆ ಎಣಿಸುವ ಜನ, ಎಣಿಕೆಗೆ ಸಿಗದ ದೂರದ ಹಣವನ್ನು ಅನುಮಾನದಿಂದ ಕಂಡರೆ ಆಶ್ಚರ್ಯವೇನು?

ಹಾಗೆಂದು ವರ್ಮಾಂಟ್ ಒಂದೇ ದನಿಯಲ್ಲಿ ಮಾತಾಡಿತೆಂದು ತಿಳಿಯಬಾರದು. ಲ್ಯಾಂಡನ್‌ಗೆ ಸುಮಾರು 81 ಸಾವಿರ ಮತಗಳು ಬಂದರೆ ರೂಸ್‌ವೆಲ್ಟರಿಗೂ 62 ಸಾವಿರ ಬಂದಿದ್ದವು. ಅಂದರೆ ನೂರಕ್ಕೆ 43. ಆ 62 ಸಾವಿರ ಜನರನ್ನು ಕಥೆ ಹೇಳುವವರು ಮರೆಯುತ್ತಾರೆ. ನಾವು ಬ್ಯಾರಿ ಎಂಬ ಊರಿಗೆ ಹೋದುದು ಅವರನ್ನು ನೆನೆಯಲೆಂದೇ. ಬೂದು ಬಣ್ಣದ ಗ್ರಾನೈಟ್ ಕಲ್ಲಿಗೆ ಹೆಸರಾದ ಊರು. ಇಟಲಿ, ಸ್ಕಾಟ್ಲೆಂಡುಗಳಿಂದ ಬಂದ ಕಲ್ಲುಕುಟಿಗರು ಇಲ್ಲಿ ನೆಲೆಸಿದರು. ಮುಚ್ಚಿದ ಶೆಡ್ಡುಗಳಲ್ಲಿ ಯಂತ್ರದ ಉಳಿ ಎಬ್ಬಿಸುತ್ತಿದ್ದ ಕಲ್ಲಿನ ಧೂಳು ಅವರ ಶ್ವಾಸಕೋಶವನ್ನು ಹೊಕ್ಕು, ಎಷ್ಟೋ ಮಂದಿ ನಡುವಯಸ್ಸಿನಲ್ಲಿಯೇ ತೀರಿಕೊಂಡರು. ಅವರು ಕೆತ್ತಿದ ಸಮಾಧಿಗಳಿಂದ ತುಂಬಿರುವ ಇಲ್ಲಿನ ಹೋಪ್ ಸ್ಮಶಾನವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಕೆಲಸದಲ್ಲಿ ರಕ್ಷಣೆ, ಮುಪ್ಪಿಗೆ ಪಿಂಚಣಿ ಎಂಬ ಮಾತುಗಳು ಇಂತಹ ಮನೆಗಳಿಗೆ ಬೇರೆಯೇ ಅರ್ಥದಲ್ಲಿ ಕೇಳಿಸಿದ್ದವು. ಪಶ್ಚಿಮದಲ್ಲಿ ಷಾಂಪ್ಲೇನ್ ಸರೋವರದ ಬದಿಯ ಫ್ರೆಂಚ್ ಕೆನಡಾ ಮೂಲದ ಕುಟುಂಬಗಳಲ್ಲಿಯೂ ರೂಸ್‌ವೆಲ್ಟರಿಗೆ ಬಲವಾದ ಬೆಂಬಲವಿತ್ತು. ಹೊಲವಿದ್ದವನ ಸ್ವಾವಲಂಬನೆ ಬೇರೆ, ಕೂಲಿಯವನ ಸ್ವಾವಲಂಬನೆ ಬೇರೆ. ಗುಡ್ಡದ ರೈತನ ಹಟವನ್ನು ಮೆಚ್ಚುವಾಗ ನಾವು ಇದನ್ನು ಮರೆಯುವಂತಿಲ್ಲ.

ರಾಜಧಾನಿ ಮಾಂಟ್‌ಪಿಲಿಯರ್ ಬ್ಯಾರಿಗೆ ಕೂಗಳತೆ ಎನ್ನುವಷ್ಟು ಹತ್ತಿರ. ಸುಮಾರು ಎಂಟು ಸಾವಿರ ಜನರ ಈ ಊರು ಅಮೆರಿಕೆಯ ರಾಜಧಾನಿಗಳಲ್ಲೆಲ್ಲ ಚಿಕ್ಕದು. ಶಾಸನಸಭೆಯ ಬಂಗಾರದ ಗುಮ್ಮಟದ ಮೇಲೆ ನಿಂತಿರುವವಳು ಕೃಷಿದೇವತೆ. 1965ರವರೆಗೂ ಇಲ್ಲಿನ ಕೆಳಮನೆಯಲ್ಲಿ ಊರಿಗೊಬ್ಬರಂತೆ 246 ಪ್ರತಿನಿಧಿಗಳಿದ್ದರು. ಬೆರಳೆಣಿಕೆಯ ಮನೆಗಳ ಹಳ್ಳಿಗೂ ಒಂದು ಮತ, ಬರ್ಲಿಂಗ್ಟನ್ನಿಗೂ ಒಂದೇ ಮತ. ಕಲ್ಲುಕುಟಿಗರ ಮತ್ತು ಗಿರಣಿಯವರ ದನಿ ಅಲ್ಲಿ ಕ್ಷೀಣವಾಗಿದ್ದುದಕ್ಕೆ ಇದೂ ಒಂದು ಕಾರಣ. ಅಷ್ಟರ ಮಟ್ಟಿಗೆ ಹಳ್ಳಿಯ ಆಳ್ವಿಕೆ ನ್ಯಾಯವಾಗಿರಲಿಲ್ಲ.

1936ರ ಅದೇ ದಿನ ರಾಜ್ಯದ ಗವರ್ನರಾಗಿ ಆಯ್ಕೆಯಾದವರು ಪಟ್ನಿ ಊರಿನ ಸಸ್ಯತೋಟದ ಕೃಷಿಕ ಜಾರ್ಜ್ ಏಕನ್. ಬಡ ಗುಡ್ಡದ ಹೊಲಗಳನ್ನು ಕೇಂದ್ರ ಸರ್ಕಾರ ಕೊಂಡುಕೊಳ್ಳುವ ಯೋಜನೆಯನ್ನು ವಿರೋಧಿಸಿದವರು ಅವರು. ಆದರೆ ಅವರದು ಬರಿಯ ನಕಾರವಾಗಿರಲಿಲ್ಲ. ರೈತರು ತಾವೇ ಸಹಕಾರ ಸಂಘ ಕಟ್ಟಿ ವಿದ್ಯುತ್ ತರುವುದನ್ನು ಪ್ರೋತ್ಸಾಹಿಸಿದರು. 1941ರಿಂದ 1975ರವರೆಗೆ ಸೆನೆಟರಾಗಿದ್ದು ಬಡವರಿಗೆ ಆಹಾರದ ಚೀಟಿ ನೀಡುವ ಯೋಜನೆಯ ಪರ ಹೋರಾಡಿದರು. ಕೈಚಾಚಬಾರದೆಂಬ ಸ್ವಾಭಿಮಾನವೂ ಹಸಿದವನಿಗೆ ಇಲ್ಲವೆನ್ನದ ಕರುಣೆಯೂ ಒಬ್ಬನೇ ಮನುಷ್ಯನಲ್ಲಿ ಕೂಡಿರುವುದು ಸಾಧ್ಯವೆಂದು ಇವರ ಬದುಕನ್ನು ನೋಡಿದಾಗ ಅನ್ನಿಸುತ್ತದೆ.

ನಮ್ಮ ಮಟ್ಟಿಗೆ ಹೇಳುವುದಾದರೆ, 1936ರ ಆ ಮತದಲ್ಲಿ ಅರ್ಧ ವಿಚಾರ, ಅರ್ಧ ರೂಢಿ. ಅಜ್ಜ ಲಿಂಕನ್ನರಿಗೆ ಕೊಟ್ಟ ಮತವನ್ನೇ ಮೊಮ್ಮಗ ಪರಿಶೀಲಿಸದೆ ಮುಂದುವರಿಸಿದ್ದೂ ಉಂಟು. ಆದರೂ ಅವರನ್ನು ಮೂಢರೆಂದು ನಕ್ಕವರ ನಗೆಗೆ ಆಧಾರವಿರಲಿಲ್ಲ. ಮುಂದೆ ಕಾಲ ಬದಲಾಯಿತು. ಹೊಸ ಹೆದ್ದಾರಿಗಳು ಹೊರಗಿನ ಜನರನ್ನು ತಂದವು. 1962ರಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಡೆಮಾಕ್ರಾಟಿಕ್ ಪಕ್ಷದ ಫಿಲಿಪ್ ಹಾಫ್ ಗವರ್ನರಾದರು. 1964ರಲ್ಲಿ ಅಧ್ಯಕ್ಷೀಯ ಚುನಾವಣೆಯಲ್ಲಿಯೂ ರಾಜ್ಯ ಮೊದಲ ಬಾರಿಗೆ ಆ ಪಕ್ಷದ ಕಡೆ ತಿರುಗಿತು. 1992ರಿಂದೀಚೆಗೆ ಅದು ಒಮ್ಮೆಯೂ ಹಿಂದಕ್ಕೆ ಹೋಗಿಲ್ಲ. 2024ರಲ್ಲಿ ಚೆನ್ನೈ ಮೂಲದ ತಾಯಿಯ ಮಗಳಾದ ಕಮಲಾ ಹ್ಯಾರಿಸ್ ದೇಶದಲ್ಲಿ ಸೋತರು. ಆದರೆ ಐವತ್ತು ರಾಜ್ಯಗಳಲ್ಲಿ ಅವರಿಗೆ ಅತಿ ಹೆಚ್ಚಿನ ಪ್ರಮಾಣದ ಮತ ನೀಡಿದ್ದು ವರ್ಮಾಂಟ್. ಅದೇ ದಿನ ಅದೇ ಜನ ರಿಪಬ್ಲಿಕನ್ ಪಕ್ಷದ ಫಿಲ್ ಸ್ಕಾಟರನ್ನು ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕ ಮತಗಳಿಂದ ಐದನೆಯ ಬಾರಿ ಗವರ್ನರಾಗಿ ಆರಿಸಿದರು. ಪಕ್ಷ ಬದಲಾಯಿತು, ಎಣಿಸಿ ನೋಡುವ ಅಭ್ಯಾಸ ಹೋಗಲಿಲ್ಲ.

ಕೊನೆಯ ದಿನ ಮಾಂಟ್‌ಪಿಲಿಯರಿನ ಉತ್ತರಕ್ಕಿರುವ ರೈಟ್ಸ್‌ವಿಲ್ ಅಣೆಕಟ್ಟೆಯನ್ನು ನೋಡಿದೆವು. 1927ರ ನವೆಂಬರಿನಲ್ಲಿ ವಿನೂಸ್ಕಿ ಮುಂತಾದ ನದಿಗಳು ಉಕ್ಕಿ ರಾಜ್ಯದಲ್ಲಿ 84 ಜನ ಮಡಿದಿದ್ದರು; 1,285 ಸೇತುವೆಗಳು ಕೊಚ್ಚಿಹೋಗಿದ್ದವು. ಮತ್ತೆ ಹಾಗಾಗದಿರಲೆಂದು ಈ ಕಣಿವೆಯಲ್ಲಿ ಮೂರು ಅಣೆಕಟ್ಟೆಗಳನ್ನು ಕಟ್ಟಿದವರು ರೂಸ್‌ವೆಲ್ಟರ ಉದ್ಯೋಗ ಯೋಜನೆಯ ಶಿಬಿರದವರು. ಮೊದಲ ಮಹಾಯುದ್ಧದಿಂದ ಮರಳಿ ಕೆಲಸವಿಲ್ಲದೆ ಅಲೆಯುತ್ತಿದ್ದ ಸೈನಿಕರೂ ಅವರಲ್ಲಿದ್ದರು. ಅವರು ಮಣ್ಣು ಹೊತ್ತು ಹಾಕಿದ ಆ ವರ್ಷಗಳಲ್ಲಿಯೇ ಈ ನಾಡು ಅವರ ಅಧ್ಯಕ್ಷನ ವಿರುದ್ಧ ಮತ ಹಾಕಿತು. ಕಟ್ಟೆಯ ಕೆಲಸವನ್ನು ಯಾರೂ ನಿಲ್ಲಿಸಲಿಲ್ಲ. 2023ರ ಜುಲೈ ತಿಂಗಳ ಮಹಾಮಳೆಯಲ್ಲಿ ರಾಜಧಾನಿಯ ಬೀದಿಗಳಲ್ಲಿ ನೀರು ನಿಂತಿದ್ದಾಗ, ಈ ಕಟ್ಟೆಯ ಹಿಂದಿನ ನೀರು ಕೋಡಿ ಬೀಳಲು ಸುಮಾರು ಒಂದು ಅಡಿ ಮಾತ್ರ ಬಾಕಿ ಇತ್ತು. ಕಟ್ಟೆ ತಡೆದು ನಿಂತಿತು. ನಾವು ಹೋದಾಗ ಜಲಾಶಯ ಹೆಪ್ಪುಗಟ್ಟಿತ್ತು. ಕಟ್ಟೆಯ ಇಳಿಜಾರಿನ ಹಿಮದ ಮೇಲೆ ಯಾರೋ ನಾಯಿಯೊಡನೆ ನಡೆದು ಹೋದ ಹೆಜ್ಜೆಗಳಿದ್ದವು.