ರಕ್ತ ಬಾರದ ಗಾಯ

1971ರ ಯುದ್ಧದಲ್ಲಿ ಅಜ್ಜನಿಗೆ ಗುಂಡು ತಗುಲಿದ್ದು ಎಡಮಂಡಿಯ ಹಿಂಭಾಗಕ್ಕೆ. ಸೋಮವಾರಪೇಟೆಯ ಮನೆಯ ಜಗಲಿಯಲ್ಲಿ ಆ ಕತೆ ಹೇಳುವಾಗಲೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದರು: "ರಕ್ತ ಹೆಚ್ಚು ಬರಲೇ ಇಲ್ಲ ಮಗಾ. ಅದಕ್ಕೇ ಪಕ್ಕದವನನ್ನ ಮೊದ್ಲು ಕರ್ಕೊಂಡು ಹೋಗಿ ಅಂದೆ." ರಕ್ತ ಸುರಿಯುತ್ತಿದ್ದ ಪಕ್ಕದವನು ಬದುಕಿದ. ಅಜ್ಜನ ಕಾಲು ತಣ್ಣಗಾಯಿತು; ಕೊನೆಗೆ ಮಂಡಿಯ ಮೇಲಕ್ಕೆ ಕತ್ತರಿಸಿದರು. ದಡ್ಡತನ ಮಾಡಿದಿರಿ ಎಂದು ಅಜ್ಜಿ ಬದುಕಿರುವವರೆಗೂ ಬೈದರು. ಅಜ್ಜನೂ ಹಾಗೇ ನಂಬಿಕೊಂಡಿದ್ದರು.

ನನ್ನ ಪಿಎಚ್.ಡಿ. ವಿಷಯ ಯುದ್ಧಕಾಲದ ವೈದ್ಯಕೀಯದ ಚರಿತ್ರೆ. ಆ ಓದಿನಲ್ಲೇ ಒಂದು ದಿನ ಅಜ್ಜನ ಕಾಲು ಎದುರಾಯಿತು.

ಅಪಧಮನಿ ಮೂರು ಪದರಗಳ ಕೊಳವೆ. ಗುಂಡು ಅದನ್ನು ಅರ್ಧ ಸೀಳಿದರೆ ಗಾಯದ ಬಾಯಿ ತೆರೆದೇ ಉಳಿದು ರಕ್ತ ಸುರಿಯುತ್ತದೆ. ಪೂರ್ತಿ ತುಂಡಾದರೆ ಎರಡೂ ತುದಿಗಳು ಕುಗ್ಗಿ, ಒಳಕ್ಕೆ ಸರಿದು, ರಕ್ತ ತಾನಾಗಿಯೇ ನಿಲ್ಲಬಹುದು. ಕೆಲವೊಮ್ಮೆ ಗುಂಡು ನಾಳವನ್ನು ಮುಟ್ಟುವುದೂ ಇಲ್ಲ. ರೈಫಲ್ ಗುಂಡು ಹಾಯ್ದ ದಾರಿಯ ಸುತ್ತಲಿನ ಮಾಂಸ ಕ್ಷಣಮಾತ್ರ ಬಲೂನಿನಂತೆ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ಆ ಎಳೆತಕ್ಕೆ ನಾಳದ ಒಳಪದರ ಮಾತ್ರ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೊರಗೆ ಕಾಣುವುದು ಸಣ್ಣ ತೂತು. ಪಾದಕ್ಕೆ ರಕ್ತವೇ ಇಲ್ಲ. ಮಂಡಿಯ ಹಿಂದಿನ ಅಪಧಮನಿ ಮುಚ್ಚಿದರೆ ಕಾಲಿಗೆ ರಕ್ತ ಹರಿಯಲು ಬದಲಿ ದಾರಿಗಳೂ ಕಡಿಮೆ. ಸುಮಾರು ಆರು ಗಂಟೆ ಕಳೆದರೆ ಕಾಲು ಉಳಿಸುವುದು ಕಷ್ಟ. ಅದಕ್ಕೇ ಇಂದಿನ ವೈದ್ಯರು ರಕ್ತಸ್ರಾವವನ್ನಷ್ಟೇ ನೋಡುವುದಿಲ್ಲ, ಪಾದದ ನಾಡಿಯನ್ನೂ ಹಿಡಿದು ನೋಡುತ್ತಾರೆ.

1946ರಲ್ಲಿ ಡಿಬೇಕಿ ಮತ್ತು ಸಿಮಿಯೋನ್ ಎಂಬ ವೈದ್ಯರು ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರ 2,471 ಅಪಧಮನಿ ಗಾಯಗಳ ಲೆಕ್ಕ ಪ್ರಕಟಿಸಿದರು. ಸುಮಾರು ಶೇ. 40ರಷ್ಟು ಗಾಯಗಳಲ್ಲಿ ಅಂಗವನ್ನೇ ಕತ್ತರಿಸಬೇಕಾಗಿತ್ತು. ಕೊರಿಯಾ ಯುದ್ಧದಲ್ಲಿ ಗಾಯಾಳುಗಳನ್ನು ಬೇಗ ತಂದು, ನಾಳವನ್ನು ಕಟ್ಟಿಬಿಡುವ ಬದಲು ಹೊಲಿದು ಜೋಡಿಸತೊಡಗಿದ ಮೇಲೆ ಅದು ಶೇ. 13ರ ಆಸುಪಾಸಿಗೆ ಇಳಿಯಿತು.

ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ನನ್ನನ್ನೇ ಮೊದ್ಲು ಕರ್ಕೊಂಡು ಹೋಗಿದ್ರೆ?"

"ಕಾಲು ಉಳೀತಿತ್ತೇನೋ ಅಜ್ಜ."

"ಅವನು?"

"ಅಷ್ಟು ರಕ್ತ ಹೋಗ್ತಿದ್ರೆ ಉಳೀತಿರ್ಲಿಲ್ಲ."

ಅಜ್ಜ ತಲೆಯಾಡಿಸಿದರು. ಊರುಗೋಲು ಹತ್ತಿರಕ್ಕೆ ಎಳೆದುಕೊಂಡು ಏಳುತ್ತಾ, "ಇದನ್ನ ನಿಮ್ಮಜ್ಜಿ ಇದ್ದಾಗ ಓದಿದ್ರೆ ಆಗ್ತಿತ್ತು" ಅಂದರು.